ಬಂಡವಾಳ ಯಾರದು, ಚಿತ್ರ ಯಾರದು

2001ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆದ ಗಿರೀಶ ಕಾಸರವಳ್ಳಿಯವರ ‘ದ್ವೀಪ’ಕ್ಕೆ ದುಡ್ಡು ಹಾಕಿದವರು ನಟಿ ಸೌಂದರ್ಯ. ಆ ಹೊತ್ತಿಗೆ ಅವರು ತೆಲುಗು ಜನಪ್ರಿಯ ಚಿತ್ರಗಳ ದೊಡ್ಡ ತಾರೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುತ್ತಿರುವ ಊರು, ಅದನ್ನು ಬಿಟ್ಟು ಹೋಗಲಾರದ ಒಂದು ಕುಟುಂಬ, ಎಡೆಬಿಡದೆ ಸುರಿಯುವ ಮಲೆನಾಡಿನ ಮಳೆ, ನಾ. ಡಿಸೋಜ ಅವರ ಕಾದಂಬರಿಯಿಂದ ಹುಟ್ಟಿದ ಈ ಚಿತ್ರದಲ್ಲಿ ಮಾರುಕಟ್ಟೆ ಕೇಳುವ ಯಾವ ಸರಕಿಗೂ ಜಾಗವಿರಲಿಲ್ಲ. ಅದಕ್ಕೂ ಮೊದಲು 1997ರ ಸ್ವರ್ಣಕಮಲ ಗೆದ್ದ ‘ತಾಯಿಸಾಹೇಬ’ದ ನಿರ್ಮಾಪಕಿ ಜಯಮಾಲಾ. ಅವರೂ ಜನಪ್ರಿಯ ಚಿತ್ರಗಳ ನಾಯಕಿಯಾಗಿಯೇ ಹೆಸರು ಮಾಡಿದವರು. ಇಬ್ಬರೂ ತಾವು ಹಣ ಹೂಡಿದ ಚಿತ್ರದಲ್ಲಿ ಮುಖ್ಯ ಪಾತ್ರವನ್ನೂ ಮಾಡಿದರು. ಮಾರುಕಟ್ಟೆಯಲ್ಲಿ ಬಂದ ಹೆಸರು, ದುಡಿದ ಹಣ, ಮಾರುಕಟ್ಟೆ ಕೈಹಾಕಲು ಹೆದರುವಂಥ ಚಿತ್ರಗಳಿಗೆ ಆಸರೆಯಾದವು. ಕಲಾತ್ಮಕ ಚಿತ್ರ ಒಂದು ಕಡೆ, ಕಮರ್ಷಿಯಲ್ ಚಿತ್ರ ಇನ್ನೊಂದು ಕಡೆ ಎಂದು ಗೆರೆ ಎಳೆದು ಮಾತಾಡುವ ನಮ್ಮ ಹಳೆಯ ರೂಢಿಗೆ ಈ ಎರಡು ಚಿತ್ರಗಳ ಹುಟ್ಟು ಸುಲಭಕ್ಕೆ ಒಗ್ಗುವುದಿಲ್ಲ.

ನಿರ್ದೇಶಕನೊಬ್ಬ ತನ್ನ ಮನಸ್ಸಿನ ಚಿತ್ರವನ್ನೇ ಮಾಡಿದನೋ, ರಾಜಿಯಾದನೋ ಎಂಬುದನ್ನು ನಾವು ಬಹುಪಾಲು ಅವನ ಸ್ವಭಾವದ ಪ್ರಶ್ನೆಯಾಗಿ ನೋಡುತ್ತೇವೆ. ಪಟ್ಟು ಬಿಡದವನು ಕಲಾವಿದ, ಬಗ್ಗಿದವನು ವ್ಯಾಪಾರಿ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಈ ತೀರ್ಪು ಅನ್ಯಾಯದ್ದು. ಬಗ್ಗಿದವರಿಗಷ್ಟೇ ಅಲ್ಲ, ಪಟ್ಟು ಬಿಡದವರಿಗೂ ಅನ್ಯಾಯ, ಯಾಕೆಂದರೆ ಅವರು ಎಷ್ಟು ಬುದ್ಧಿ ಖರ್ಚು ಮಾಡಿ ತಮ್ಮ ಸ್ವಾತಂತ್ರ್ಯವನ್ನು ಕಟ್ಟಿಕೊಂಡರು ಎಂಬುದು ಇದರಲ್ಲಿ ಕಾಣುವುದೇ ಇಲ್ಲ. ಕನ್ನಡ ಚಿತ್ರರಂಗದ ಕಳೆದ ಅರವತ್ತು ವರ್ಷಗಳನ್ನು ನೋಡಿದರೆ, ಬಹುಕಾಲ ತಮ್ಮ ದಾರಿಯಲ್ಲೇ ನಡೆದ ನಿರ್ದೇಶಕರನ್ನು ಕಾಪಾಡಿದ್ದು ಮನೋಬಲಕ್ಕಿಂತ ಹೆಚ್ಚಾಗಿ ಒಂದು ಲೆಕ್ಕ. ದುಡ್ಡು ಯಾರಿಂದ ಬಂತು, ಯಾವ ಷರತ್ತಿನ ಮೇಲೆ ಬಂತು, ಚಿತ್ರ ಮುಳುಗಿದರೆ ಜೊತೆಗೆ ಯಾರು ಮುಳುಗುತ್ತಾರೆ, ಖಾತ್ರಿಯಾಗಿ ಬರುವ ಪ್ರೇಕ್ಷಕರು ಎಷ್ಟು ಜನ. ಈ ಲೆಕ್ಕ ಸರಿಯಾಗಿ ಕೂತಾಗ ನಿರ್ದೇಶಕನ ದರ್ಶನ ಉಳಿದಿದೆ. ತಪ್ಪಿದಾಗ ಎಂಥ ಗಟ್ಟಿಗನ ಕೈಯಿಂದಲೂ ಚಿತ್ರ ಜಾರಿಹೋಗಿದೆ. ಬಜೆಟ್ ನಿಗದಿಯಾದ ದಿನವೇ ಅರ್ಧ ನಿರ್ದೇಶನ ಮುಗಿದಿರುತ್ತದೆ ಎಂಬುದು ನನ್ನ ವಾದ.

ಒತ್ತಡ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ಬಿಡಿಸಿ ನೋಡಬೇಕು. ಕವಿತೆ ಬರೆಯಲು ಸಾಲ ಬೇಕಿಲ್ಲ. ಸಿನಿಮಾದಲ್ಲಿ ಮಾತ್ರ ಮೊದಲ ರೂಪಾಯಿ ಒಳಗೆ ಬರುವ ಮುನ್ನವೇ ಕೊನೆಯ ರೂಪಾಯಿಯೂ ಖರ್ಚಾಗಿರುತ್ತದೆ. ಆ ಹಣದಲ್ಲಿ ದೊಡ್ಡ ಪಾಲು ಬಡ್ಡಿಗೆ ತಂದದ್ದಾದರೆ, ಮಳೆ ಬಂದು ಚಿತ್ರೀಕರಣ ನಿಂತ ದಿನವೂ ಸಂಕಲನಕ್ಕೆ ಹೆಚ್ಚುವರಿಯಾಗಿ ಬೇಕಾದ ತಿಂಗಳೂ ಸಾಲದ ಮೇಲೆ ಏರುತ್ತಾ ಹೋಗುತ್ತವೆ. ವೆಚ್ಚ ಏರಿದಷ್ಟೂ ಅದನ್ನು ತೀರಿಸಲು ಬೇಕಾದ ಪ್ರೇಕ್ಷಕರ ಸಂಖ್ಯೆ ಏರುತ್ತದೆ. ಹಾಗೆ ಹೆಚ್ಚುವರಿಯಾಗಿ ಬೇಕಾದ ಜನ ಯಾರು? ಈ ಕಥೆಯಲ್ಲಿ ಆಗಲೇ ಆಸಕ್ತಿ ಇದ್ದವರಲ್ಲ, ಇಲ್ಲದವರು. ಅವರನ್ನು ಕರೆತರಲು ಹಿಂದೆ ಯಾವುದು ಕೆಲಸ ಮಾಡಿತ್ತೋ ಅದನ್ನೇ ಮತ್ತೆ ಮಾಡಬೇಕು ಎನ್ನಿಸುತ್ತದೆ: ನಾಯಕನ ಬಿಲ್ಡಪ್ಪು, ಪರಿಚಯದ ಹಾಡು, ಮೂರು ಫೈಟು, ಕಥೆಗೆ ಅಂಟದ ಕಾಮಿಡಿ ಟ್ರ್ಯಾಕು. ನಿರ್ಮಾಪಕನ ಅಭಿರುಚಿ ಕೀಳು ಎಂದು ಬೈದರೆ ಪ್ರಯೋಜನವಿಲ್ಲ. ಒಳ್ಳೆಯ ಓದುಗನಾದ ನಿರ್ಮಾಪಕನೂ ಮನೆ ಅಡವಿಟ್ಟಾಗ ಅದನ್ನೇ ಕೇಳುತ್ತಾನೆ. ರಾಜಿ ಒಳಗೆ ಬರುವುದು ಭಯದ ಬಾಗಿಲಿನಿಂದ, ಆ ಬಾಗಿಲು ತೆರೆಯುವುದು ವೆಚ್ಚ.

ಈ ಲೆಕ್ಕವನ್ನು ಕನ್ನಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದವರು ಎಸ್.ಆರ್. ಪುಟ್ಟಣ್ಣ ಕಣಗಾಲ್. ಅವರನ್ನು ಮಧ್ಯಮ ಮಾರ್ಗದ ನಿರ್ದೇಶಕ ಎನ್ನುವುದುಂಟು, ಆ ಹೆಸರು ಅವರ ಸಾಧನೆಯನ್ನು ಸಣ್ಣದು ಮಾಡುತ್ತದೆ. ಅವರು ಚಿತ್ರ ಮಾಡಿದ ಕಾದಂಬರಿಗಳ ಲೇಖಕರನ್ನು ನೋಡಿ: 1967ರ ‘ಬೆಳ್ಳಿಮೋಡ’ಕ್ಕೆ ತ್ರಿವೇಣಿ, 1969ರ ‘ಗೆಜ್ಜೆಪೂಜೆ’ಗೆ ಎಂ.ಕೆ. ಇಂದಿರಾ, 1971ರ ‘ಶರಪಂಜರ’ಕ್ಕೆ ಮತ್ತೆ ತ್ರಿವೇಣಿ, 1972ರ ‘ನಾಗರಹಾವು’ ಚಿತ್ರಕ್ಕೆ ತ.ರಾ.ಸು., 1973ರ ‘ಎಡಕಲ್ಲು ಗುಡ್ಡದ ಮೇಲೆ’ಗೆ ಭಾರತೀಸುತ, 1975ರ ‘ಶುಭಮಂಗಳ’ಕ್ಕೆ ವಾಣಿ. ಈ ಪಟ್ಟಿಯನ್ನು ಸಾಹಿತ್ಯಪ್ರೀತಿಯ ದಾಖಲೆ ಎಂದಷ್ಟೇ ಓದಬಾರದು. ವಾರಪತ್ರಿಕೆಗಳ ಧಾರಾವಾಹಿ, ಬಾಡಿಗೆ ಗ್ರಂಥಾಲಯ, ಕೈಯಿಂದ ಕೈಗೆ ಓಡಾಡುವ ಪ್ರತಿ, ಇವುಗಳ ಮೂಲಕ ಈ ಲೇಖಕರಿಗೆ ನಾಡಿನುದ್ದಕ್ಕೂ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ದೊಡ್ಡ ಓದುಗ ಬಳಗವಿತ್ತು. ಆ ಬಳಗ ಚಿತ್ರಮಂದಿರಕ್ಕೆ ಬರುವ ಮೊದಲೇ ಕಥೆಯನ್ನು ಪ್ರೀತಿಸಿತ್ತು. ಹಾಗಾಗಿ ಹೆರಿಗೆಯ ನಂತರ ಮನಸ್ಸು ಕದಡಿದ ಹೆಣ್ಣೊಬ್ಬಳನ್ನು ಸುತ್ತಲಿನವರೇ ಹುಚ್ಚಿಗೆ ನೂಕುವ ಕಥೆಯನ್ನೋ, ಮದುವೆಯಾದವಳ ತೀರದ ಬಯಕೆಯ ಕಥೆಯನ್ನೋ ಹೇಳಲು ಪುಟ್ಟಣ್ಣನವರಿಗೆ ನಾಯಕನಟನ ಹೆಸರಿನ ಊರುಗೋಲು ಬೇಕಾಗಲಿಲ್ಲ. ‘ನಾಗರಹಾವು’ ಚಿತ್ರದಲ್ಲಿ ವಿಷ್ಣುವರ್ಧನ್, ಅಂಬರೀಷ್ ಅವರಂಥ ಹೊಸಬರನ್ನು ಮುಂದೆ ನಿಲ್ಲಿಸುವ ಧೈರ್ಯವೂ ಅಲ್ಲಿಂದಲೇ ಬಂತು. ಹಾಡನ್ನು ಅವರು ಬಿಡಲಿಲ್ಲ. ಮಾರುಕಟ್ಟೆಗೆ ಬೇಕಾದ ಆ ಹಾಡನ್ನೇ ಪಾತ್ರದ ಒಳಮಾತಾಗಿ ತಿರುಗಿಸಿಕೊಂಡರು. ಒತ್ತಾಯವಾಗಿ ಬಂದದ್ದು ಅವರ ಕೈಯಲ್ಲಿ ಶೈಲಿಯಾಯಿತು.

ಅದಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು. ‘ನಾಗರಹಾವು’ ತಮ್ಮ ಕಾದಂಬರಿಗೆ ನ್ಯಾಯ ಸಲ್ಲಿಸಲಿಲ್ಲ ಎಂದು ತ.ರಾ.ಸು. ಬೇಸರಗೊಂಡದ್ದು ಸಾಹಿತ್ಯ ವಲಯದಲ್ಲಿ ಎಲ್ಲರೂ ಬಲ್ಲ ಸಂಗತಿ. ಅವರ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕ್ಕೆ ಇಳಿಸುವಾಗ ಭಾವಾವೇಶ ಹೆಚ್ಚಿತು, ಮೂಲದ ಕೆಲವು ಸೂಕ್ಷ್ಮಗಳು ಹೋದವು. ಆದರೆ ಅದೇ ಪುಟ್ಟಣ್ಣ ಅದೇ ಕಥೆಯನ್ನು 1974ರಲ್ಲಿ ರಿಷಿ ಕಪೂರ್ ಅವರನ್ನಿಟ್ಟುಕೊಂಡು ‘ಜೆಹ್ರೀಲಾ ಇನ್ಸಾನ್’ ಎಂದು ಹಿಂದಿಯಲ್ಲಿ ಮಾಡಿದಾಗ ಚಿತ್ರ ಓಡಲಿಲ್ಲ. ಕೌಶಲ್ಯ ಅದೇ, ಮಾರುಕಟ್ಟೆ ಹಲವು ಪಟ್ಟು ದೊಡ್ಡದು. ಅಲ್ಲಿ ಇಲ್ಲದ್ದು ಒಂದೇ: ಈ ಕಥೆಗಾಗಿ ಕಾದಿದ್ದ, ಈ ಮಾತಿನ ಲಯ ಬಲ್ಲ ಜನ. ದೊಡ್ಡ ಮಾರುಕಟ್ಟೆ ಸಿಕ್ಕರೆ ದೊಡ್ಡ ಸ್ವಾತಂತ್ರ್ಯ ಸಿಗುತ್ತದೆ ಎಂಬ ನಂಬಿಕೆ ಇಂದಿಗೂ ಅನೇಕ ಯುವ ನಿರ್ದೇಶಕರಲ್ಲಿದೆ. ಅವರು ಈ ಎರಡು ಚಿತ್ರಗಳ ಗತಿಯನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಕಾಸರವಳ್ಳಿಯವರದು ಬೇರೆಯೇ ಲೆಕ್ಕ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಬಂದು 1977ರಲ್ಲಿ ಮಾಡಿದ ಮೊದಲ ಚಿತ್ರ ‘ಘಟಶ್ರಾದ್ಧ’ಕ್ಕೇ ಸ್ವರ್ಣಕಮಲ. ಮುಂದೆ ‘ತಬರನ ಕಥೆ’, ‘ತಾಯಿಸಾಹೇಬ’, ‘ದ್ವೀಪ’ ಸೇರಿ ನಾಲ್ಕು ಬಾರಿ ಆ ಗೌರವ. ಅಷ್ಟಾದರೂ ದೊಡ್ಡ ಬಂಡವಾಳದತ್ತ ಅವರು ಕೈಚಾಚಲಿಲ್ಲ. ಸಣ್ಣ ತಂಡ, ನಿಜವಾದ ಊರು-ಮನೆಗಳಲ್ಲಿ ಚಿತ್ರೀಕರಣ, ಕಥೆಗೆ ಒಪ್ಪುವ ಮುಖ. ಆದಾಯದ ಕಡೆಗೆ ರಾಜ್ಯ ಸರ್ಕಾರದ ಸಹಾಯಧನ, ಪ್ರಶಸ್ತಿ, ಚಿತ್ರೋತ್ಸವ ಮತ್ತು ದೂರದರ್ಶನ. ಎಂಬತ್ತರ ದಶಕದಲ್ಲಿ ಪ್ರಶಸ್ತಿ ಪಡೆದ ಪ್ರಾದೇಶಿಕ ಚಿತ್ರಗಳನ್ನು ದೂರದರ್ಶನ ಭಾನುವಾರ ಮಧ್ಯಾಹ್ನ ಇಡೀ ದೇಶಕ್ಕೆ ತೋರಿಸುತ್ತಿತ್ತು. ‘ತಬರನ ಕಥೆ’ಯಂಥ ಚಿತ್ರಕ್ಕೆ ಬೆಂಗಳೂರಿನ ಚಿತ್ರಮಂದಿರ ಕೊಡಲಾರದಷ್ಟು ನೋಡುಗರನ್ನು ಕೊಡಬಲ್ಲ ಬಾಗಿಲು ಅದು. ಗೇಟ್ ಕಲೆಕ್ಷನ್ನನ್ನೇ ನೆಚ್ಚಿ ಕೂರದ ಚಿತ್ರ ಮೊದಲ ವಾರದ ಹೆದರಿಕೆಯಿಂದ ಹೊರಗಿರುತ್ತದೆ. ಅವರ ದೃಶ್ಯಗಳಲ್ಲಿ ಕಾಣುವ ಸಾವಧಾನ, ಮಾತಿಲ್ಲದ ಹೊತ್ತನ್ನು ಹಾಗೇ ಬಿಡುವ ಧೈರ್ಯ, ಇವುಗಳಿಗೆ ಅವರ ಪ್ರತಿಭೆ ಎಷ್ಟು ಕಾರಣವೋ ಈ ಹಣಕಾಸಿನ ವಿನ್ಯಾಸವೂ ಅಷ್ಟೇ ಕಾರಣ ಎಂದು ನಾನು ನಂಬುತ್ತೇನೆ.

ಇಲ್ಲಿಯೂ ಬೆಲೆ ಇತ್ತು, ಅದು ಕಾಲದ ರೂಪದಲ್ಲಿ. ‘ಮನೆ’ ಚಿತ್ರದಿಂದ 1996ರ ‘ಕ್ರೌರ್ಯ’ಕ್ಕೆ ಹಲವು ವರ್ಷಗಳ ಅಂತರ. 2011ರ ‘ಕೂರ್ಮಾವತಾರ’ದಿಂದ 2020ರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಗೆ ಒಂಬತ್ತು ವರ್ಷ. ನಾಲ್ಕು ಸ್ವರ್ಣಕಮಲ ಪಡೆದವರು ಒಂದು ಚಿತ್ರಕ್ಕಾಗಿ ಒಂಬತ್ತು ವರ್ಷ ಕಾಯುವ ನಾಡು ತನ್ನ ಕಲಾವಿದರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದೆ ಎನ್ನಲಾಗದು. ಹಾಗಾಗಿ ಕಾಸರವಳ್ಳಿ ಮಾದರಿಯನ್ನು ಎಲ್ಲರಿಗೂ ಸಿದ್ಧ ದಾರಿಯೆಂದು ತೋರಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದು ಸಾಧ್ಯವಾದದ್ದು ಸರ್ಕಾರಿ ಟಿ.ವಿ., ಫಿಲ್ಮ್ ಸೊಸೈಟಿ, ನವ್ಯ ಸಾಹಿತ್ಯದ ಓದುಗರು, ಸಾಹಸಿ ನಿರ್ಮಾಪಕರು ಒಂದೇ ಕಾಲದಲ್ಲಿ ಕೂಡಿಬಂದದ್ದರಿಂದ. ಇವುಗಳಲ್ಲಿ ಕೆಲವು ಈಗ ಇಲ್ಲವೇ ಇಲ್ಲ.

ಸಿನಿಮಾ ನಡೆಸುವ ದುಡ್ಡು ಒಂದಾದರೆ ಮನೆ ನಡೆಸುವ ದುಡ್ಡು ಇನ್ನೊಂದು. ಎರಡನ್ನೂ ಒಂದೇ ಮೂಲಕ್ಕೆ ಕಟ್ಟಿದ ನಿರ್ದೇಶಕ ಬೇಗ ಸೋಲುತ್ತಾನೆ. ಸತ್ಯಜಿತ್ ರಾಯ್ ಜಾಹೀರಾತು ಸಂಸ್ಥೆಯ ಕೆಲಸದಲ್ಲಿದ್ದುಕೊಂಡೇ ‘ಪಥೇರ್ ಪಾಂಚಾಲಿ’ ಶುರು ಮಾಡಿದರು. ಮುಂದೆ ಫೆಲೂದಾ ಕಥೆಗಳಂಥ ಬರವಣಿಗೆ ಅವರ ಸಂಸಾರಕ್ಕೆ ಆಧಾರವಾಯಿತು. ಶ್ಯಾಮ್ ಬೆನೆಗಲ್ ‘ಅಂಕುರ್’ಗೆ ಮುಂಚೆ ನೂರಾರು ಜಾಹೀರಾತು ಚಿತ್ರ ಮಾಡಿದ್ದರು. ನಮ್ಮಲ್ಲಿ ಇದರ ಅತ್ಯಂತ ತೀವ್ರವಾದ ಉದಾಹರಣೆ ಶಂಕರ್ ನಾಗ್. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ 1990ರ ಅಕಾಲ ಮರಣದವರೆಗಿನ ಹನ್ನೆರಡು ವರ್ಷಗಳಲ್ಲಿ ಅವರು 80ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಬಹುಪಾಲು ಮಾಸ್ ಚಿತ್ರಗಳು. ‘ಆಟೋ ರಾಜ’ದಿಂದ ಅವರು ಆಟೋ ಚಾಲಕರ ಆರಾಧ್ಯರೇ ಆದರು. ಅದೇ ಕಾಲದಲ್ಲಿ ‘ಮಿಂಚಿನ ಓಟ’, ಹಾಡೇ ಇಲ್ಲದ ‘ಆಕ್ಸಿಡೆಂಟ್’, ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ನಿರ್ದೇಶಿಸಿದರು, ಸಂಕೇತ್ ಹೆಸರಿನಲ್ಲಿ ರಂಗತಂಡ, ಸ್ಟುಡಿಯೊ ಕಟ್ಟಿದರು. ಅಧಿಕಾರಸ್ಥರ ಮಗನ ಅಪರಾಧವನ್ನು ಮುಚ್ಚಿಹಾಕುವ ಕಥೆಯುಳ್ಳ ‘ಆಕ್ಸಿಡೆಂಟ್’ ತಾರೆಯಾಗಿ ಗಳಿಸಿದ ಆ ಹೆಸರಿಲ್ಲದಿದ್ದರೆ ಆ ರೂಪದಲ್ಲಿ ಹೊರಬರುವುದು ಕಷ್ಟವಿತ್ತು. ಆದರೆ ನಟನೆ ಕೊಟ್ಟ ಹಣ ಅವರಿಂದ ದಿನಗಳನ್ನು ಕಿತ್ತುಕೊಂಡಿತು. ಎಂಬತ್ತು ಚಿತ್ರಗಳ ಎದುರು ಅವರೇ ನಿರ್ದೇಶಿಸಿದವು ಬೆರಳೆಣಿಕೆಯಷ್ಟು. ಈ ದಾರಿಯಲ್ಲಿ ಸ್ವಾತಂತ್ರ್ಯಕ್ಕೆ ಬೆಲೆ ಆಯುಷ್ಯದಲ್ಲೇ ಸಲ್ಲುತ್ತದೆ.

ಪ್ರೇಕ್ಷಕರನ್ನೇ ಬಂಡವಾಳದಾರರನ್ನಾಗಿ ಮಾಡಿದ ಪ್ರಯತ್ನಗಳೂ ಇವೆ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟು 1976ರಲ್ಲಿ ಬೆನೆಗಲ್ ಅವರ ‘ಮಂಥನ್’ ನಿರ್ಮಿಸಿದರು. ತಮ್ಮದೇ ಚಿತ್ರವೆಂದು ಹಳ್ಳಿಗಳಿಂದ ತಂಡತಂಡವಾಗಿ ಬಂದು ನೋಡಿದವರೂ ಅವರೇ. 2013ರ ಕನ್ನಡದ ‘ಲೂಸಿಯಾ’ ಇದೇ ವಿಚಾರವನ್ನು ಅಂತರ್ಜಾಲದ ಕಾಲಕ್ಕೆ ತಂದಿತು. ನಿರ್ಮಾಪಕರು ಸಿಗದೆ ನಿರ್ದೇಶಕ ಪವನ್ ಕುಮಾರ್ ನೇರವಾಗಿ ಜನರನ್ನೇ ಕೇಳಿದಾಗ, 27 ದಿನಗಳಲ್ಲಿ 110 ಮಂದಿಯಿಂದ 51 ಲಕ್ಷ ರೂಪಾಯಿ ಕೂಡಿತು. ಕನಸು ಮತ್ತು ಎಚ್ಚರಗಳನ್ನು ಹೆಣೆದ ಆ ಸಂಕೀರ್ಣ ನಿರೂಪಣೆಯನ್ನು ಒಬ್ಬನೇ ನಿರ್ಮಾಪಕ ಹೊತ್ತಿದ್ದರೆ ಮಧ್ಯೆ ಎಲ್ಲೋ ಸರಳಗೊಳಿಸು ಎನ್ನುವ ಒತ್ತಡ ಬರುತ್ತಿತ್ತು. ನಷ್ಟ 110 ಪಾಲಾಗಿ ಹಂಚಿಹೋಗುವಾಗ ಯಾರೊಬ್ಬರ ಭಯವೂ ಸಂಕಲನದ ಕೋಣೆಗೆ ನುಗ್ಗುವಷ್ಟು ದೊಡ್ಡದಾಗುವುದಿಲ್ಲ. ಈ ಮಾದರಿ ಮುಂದೆ ರೂಢಿಯಾಗಲಿಲ್ಲ ಎಂಬುದು ನಿಜ. ಹೊಸತನದ ಉತ್ಸಾಹ ಒಮ್ಮೆ ತರುವ ಹಣವನ್ನು ಪ್ರತಿ ಚಿತ್ರಕ್ಕೂ ತರುವುದಿಲ್ಲ.

ನನ್ನ ಈ ಲೆಕ್ಕದ ವಾದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ಹಾಗಾದರೆ ಕಲಾವಿದ ಸಣ್ಣದಾಗಿಯೇ ಯೋಚಿಸಬೇಕೆ? ‘ಕೆ.ಜಿ.ಎಫ್.’ ಕಟ್ಟಿದ ಲೋಕ ಅಗ್ಗದಲ್ಲಿ ಆಗುತ್ತಿತ್ತೆ? ಆಗುತ್ತಿರಲಿಲ್ಲ. ಆದರೆ ಅಲ್ಲಿ ವೈಭವವೇ ದರ್ಶನ; ನಿರ್ದೇಶಕ ಕಾಣಿಸಬೇಕೆಂದಿದ್ದೂ ಹಣ ಬಯಸಿದ್ದೂ ಒಂದೇ ದಿಕ್ಕಿನಲ್ಲಿದ್ದವು, ತಿಕ್ಕಾಟಕ್ಕೆ ಅವಕಾಶ ಕಡಿಮೆ. ನನ್ನ ಮಾತಿಗೆ ಹೆಚ್ಚು ಹತ್ತಿರದ್ದು 2022ರ ‘ಕಾಂತಾರ’. ಆ ವರ್ಷದ ಸೆಪ್ಟೆಂಬರ್ 30ರಂದು ಅದು ಬಿಡುಗಡೆಯಾದದ್ದು ಕನ್ನಡದಲ್ಲಿ ಮಾತ್ರ. ಹಿಂದಿ, ತೆಲುಗು ಅವತರಣಿಕೆಗಳು ಬೇಡಿಕೆ ಎದ್ದ ಮೇಲೆ ಸುಮಾರು ಎರಡು ವಾರ ಕಳೆದು ಬಂದವು. ಕರಾವಳಿಯ ದೈವಾರಾಧನೆ, ಕಂಬಳ, ಕಾಡಂಚಿನ ಜನ ಮತ್ತು ಅರಣ್ಯ ಇಲಾಖೆಯ ಜಗಳವನ್ನು ಕುಂದಾಪುರದ ಮಾತಿನಲ್ಲಿ ಹೇಳಿದ ಚಿತ್ರ ಅದು. ದೇಶದ ಮಾರುಕಟ್ಟೆಯನ್ನು ಮೊದಲೇ ಎದುರಿಟ್ಟುಕೊಂಡು ಯೋಜಿಸಿದ್ದರೆ ಆ ಭಾಷೆಯ ಒರಟು, ಆ ಆಚರಣೆಗೆ ವಿವರಣೆ ಕೊಡದೆ ಸಾಗುವ ಧೈರ್ಯ ಉಳಿಯುತ್ತಿತ್ತೆಂದು ಹೇಳಲಾರೆ. ಹೊರಗಿನ ಜನ ಬಂದದ್ದು ಅದು ಒಳಗಿನವರಿಗಾಗಿ ಮಾಡಿದ್ದಾಗಿದ್ದರಿಂದ. ಲೆಕ್ಕದಲ್ಲಿ ಮುಖ್ಯವಾದದ್ದು ಅನುಪಾತ, ಸಣ್ಣತನವಲ್ಲ.

ಎರಡನೆಯ ಆಕ್ಷೇಪಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಕಡಿಮೆ ವೆಚ್ಚದ ಚಿತ್ರ ಎಂದರೆ ಅನೇಕ ಬಾರಿ ಯಾರದೋ ಕೊಡದ ಸಂಬಳ. ಲೈಟ್‌ಬಾಯ್, ಸಹಾಯಕ ನಿರ್ದೇಶಕ, ಮೇಕಪ್ ಸಹಾಯಕ, ವಸ್ತ್ರಾಲಂಕಾರದವರು ‘ಒಳ್ಳೆಯ ಸಿನಿಮಾ’ ಎಂಬ ಹೆಸರಿನಲ್ಲಿ ಅರ್ಧ ಕೂಲಿಗೆ ದುಡಿದರೆ, ನಿರ್ದೇಶಕನ ಸ್ವಾತಂತ್ರ್ಯಕ್ಕೆ ಬಂಡವಾಳ ಹಾಕಿದವರು ಅವರೇ ಆಗುತ್ತಾರೆ. ಪ್ರಶಸ್ತಿಯ ವೇದಿಕೆಯಲ್ಲಿ ಅವರ ಹೆಸರು ಕೇಳುವುದಿಲ್ಲ, ಲಾಭ ಬಂದರೆ ಪಾಲೂ ಇಲ್ಲ. ವೆಚ್ಚ ಇಳಿಸಬೇಕಾದದ್ದು ದಿನಗಳಲ್ಲಿ, ಸ್ಥಳಗಳಲ್ಲಿ, ತಾರೆಯ ಸಂಭಾವನೆಯಲ್ಲಿ, ಪ್ರಚಾರದ ಆಡಂಬರದಲ್ಲಿ, ಕೂಲಿಯಲ್ಲಿ ಅಲ್ಲ. ಚಿತ್ರಕಥೆಯನ್ನು ಕಾಗದದ ಮೇಲೆ ಪಕ್ವವಾಗುವಷ್ಟು ಕಾಲ ಇಟ್ಟರೆ ಚಿತ್ರೀಕರಣದ ದಿನಗಳು ತಾವಾಗಿ ಇಳಿಯುತ್ತವೆ. ಮಂಡ್ಯದ ಹಳ್ಳಿಯಲ್ಲಿ ನಟರಲ್ಲದ ಊರಿನವರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮಾಡಿದ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ‘ತಿಥಿ’ಯಲ್ಲಿ ಆ ಊರಿನ ಬದುಕು ಬಲ್ಲ ಈರೇಗೌಡರ ಬರವಣಿಗೆ ಚಿತ್ರದ ನಿಜವಾದ ಬಂಡವಾಳವಾಗಿತ್ತು.

ಪ್ರೇಕ್ಷಕನೇ ದೊರೆ, ಜನ ನೋಡದ ಚಿತ್ರಕ್ಕೆ ಅಳುವುದೇಕೆ ಎಂಬುದು ಚಿತ್ರೋದ್ಯಮದ ನೆಲೆಯಾದ ಗಾಂಧಿನಗರದ ಹಳೆಯ ವಾದ. ಜನರ ತೀರ್ಪಿಗೆ ನಾನು ತಲೆಬಾಗುತ್ತೇನೆ, ಆದರೆ ತೀರ್ಪು ಕೊಡಲು ಅವರಿಗೆ ಚಿತ್ರ ಕಾಣಬೇಕು. ಸಣ್ಣ ಚಿತ್ರಕ್ಕೆ ಸಿಗುವುದು ಮಲ್ಟಿಪ್ಲೆಕ್ಸಿನ ಬೆಳಗಿನ ಹತ್ತರ ಒಂದು ಆಟ. ಶನಿವಾರದೊಳಗೆ ಮಾತು ಹರಡದಿದ್ದರೆ ಸೋಮವಾರ ಅದೂ ಇಲ್ಲ. ಏಕಪರದೆಯ ಚಿತ್ರಮಂದಿರದಲ್ಲಿ ಬಾಡಿಗೆ ಪದ್ಧತಿ ಇರುವ ಕಡೆ ಜನ ಬರಲಿ ಬಿಡಲಿ ವಾರದ ಬಾಡಿಗೆ ತೆರಲೇಬೇಕು. ನಿಧಾನವಾಗಿ ಏರುವ ಚಿತ್ರಕ್ಕೆ ಈ ವ್ಯವಸ್ಥೆಯಲ್ಲಿ ಉಸಿರಾಡಲು ಹೊತ್ತಿಲ್ಲ. ರಕ್ಷಿತ್ ಶೆಟ್ಟಿಯವರ 2014ರ ‘ಉಳಿದವರು ಕಂಡಂತೆ’ಯನ್ನು ದೊಡ್ಡ ಪ್ರೇಕ್ಷಕ ವರ್ಗ ಮೆಚ್ಚಿಕೊಂಡದ್ದು ಅದು ಚಿತ್ರಮಂದಿರದಿಂದ ಹೋದ ಮೇಲೆ. ಓ.ಟಿ.ಟಿ. ಬಂದಾಗ ಈ ಕಷ್ಟ ತೀರಿತು ಎಂದುಕೊಂಡೆವು. ಅದೇ ರಕ್ಷಿತ್ ಶೆಟ್ಟಿಯವರ ಸಂಸ್ಥೆ ಬೆನ್ನಿಗೆ ನಿಂತ, ಏಳು ಕಥೆಗಳ ‘ಏಕಂ’ ಸರಣಿಗೆ ಯಾವ ದೊಡ್ಡ ವೇದಿಕೆಯೂ ಒದಗದೆ 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಹೆಸರಾಂತ ನಟನ ಬೆಂಬಲವಿದ್ದ ಕನ್ನಡ ಸರಣಿಯ ಗತಿ ಇದಾದರೆ ಹೊಸಬರ ಗತಿ ಊಹಿಸಬಹುದು.

ಸದ್ಯ ಕನ್ನಡದಲ್ಲಿ ಈ ಭಾರ ಹೊತ್ತಿರುವುದು ಮತ್ತೆ ಗೆದ್ದ ನಟ-ನಿರ್ದೇಶಕರೇ. ನಟೇಶ್ ಹೆಗಡೆಯವರ ‘ಪೆಡ್ರೊ’ವನ್ನೂ, 2022ರಲ್ಲಿ ಬುಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ವನ್ನೂ ನಿರ್ಮಿಸಿದವರು ‘ಕಾಂತಾರ’ ನಿರ್ದೇಶಿಸಿ ನಟಿಸಿದ ರಿಷಬ್ ಶೆಟ್ಟಿ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡಿ ಕಲಾವಿದರ ಸಂಘ ಕಟ್ಟಿ 1960ರಲ್ಲಿ ‘ರಣಧೀರ ಕಂಠೀರವ’ ನಿರ್ಮಿಸಿದ ಪರಂಪರೆಯ ಮುಂದುವರಿಕೆಯಾಗಿ ನಾನಿದನ್ನು ಕಾಣುತ್ತೇನೆ, ಸಂತೋಷಪಡುತ್ತೇನೆ. ಆತಂಕವೂ ಇದೆ. ಒಬ್ಬ ತಾರೆಯ ಎರಡು ಚಿತ್ರ ಸೋತರೆ ಅವರ ನೆರಳಲ್ಲಿದ್ದ ನಾಲ್ಕು ಸಣ್ಣ ಚಿತ್ರಗಳು ನಿಲ್ಲುತ್ತವೆ. ವ್ಯಕ್ತಿಯ ಔದಾರ್ಯ ಸಂಸ್ಥೆಯ ಜಾಗ ತುಂಬಲಾರದು. ಸರ್ಕಾರದ ಸಹಾಯಧನ ಆ ಜಾಗ ತುಂಬಬೇಕಿತ್ತು. ಆದರೆ ಸಹಾಯಧನಕ್ಕಾಗಿಯೇ ತಯಾರಾಗಿ, ಯಾರೂ ನೋಡದೆ ಮುಗಿದುಹೋಗುವ ಚಿತ್ರಗಳೂ ಹುಟ್ಟಿವೆ ಎಂಬ ದೂರು ಸುಳ್ಳಲ್ಲ. ಹಾಗೆಂದು ಸಹಾಯಧನ ನಿಲ್ಲಿಸುವುದು ತಪ್ಪಾಗುತ್ತದೆ. ಅದರ ಒಂದು ಭಾಗ ತಯಾರಿಕೆಯಿಂದ ಪ್ರದರ್ಶನದ ಕಡೆಗೆ ಹರಿಯಬೇಕು. ಕೇರಳದಲ್ಲಿ ಸರ್ಕಾರಿ ನಿಗಮದ ಸ್ವಂತ ಚಿತ್ರಮಂದಿರಗಳಿವೆ. 2024ರ ಮಾರ್ಚಿನಲ್ಲಿ ಅದೇ ನಿಗಮ ‘ಸಿ ಸ್ಪೇಸ್’ ಎಂಬ ಓ.ಟಿ.ಟಿ.ಯನ್ನೂ ತೆರೆಯಿತು, ನೋಡಿದಷ್ಟಕ್ಕೆ ಹಣ, ಬಂದದ್ದರಲ್ಲಿ ನಿರ್ಮಾಪಕರಿಗೆ ಪಾಲು. ಕರ್ನಾಟಕದಲ್ಲಿ ಜಿಲ್ಲೆಗೊಂದು ಪರದೆಯಲ್ಲಿ ಪ್ರಶಸ್ತಿ ಪಡೆದ, ಸಹಾಯಧನ ಪಡೆದ ಚಿತ್ರಗಳಿಗೆ ಸಂಜೆಯ ಆಟ ಕನಿಷ್ಠ ಮೂರು ವಾರ ಮೀಸಲಿಟ್ಟು, ಆ ಬಾಡಿಗೆಯನ್ನು ಸಹಾಯಧನದಿಂದಲೇ ತುಂಬಿದರೆ, ಒಂದು ಸಣ್ಣ ಚಿತ್ರಕ್ಕೆ ಖಾತ್ರಿಯಾಗಿ ಸಿಗುವ ಪ್ರೇಕ್ಷಕರೆಷ್ಟು ಎಂದು ಕನ್ನಡದ ನಿರ್ದೇಶಕ ಮೊದಲ ಬಾರಿಗೆ ಅಂದಾಜು ಹಾಕಬಹುದು. ಆ ಅಂಕಿ ಗೊತ್ತಿದ್ದರೆ ಬಜೆಟ್ಟನ್ನು ಅದಕ್ಕೆ ತಕ್ಕಂತೆ ಬರೆಯಬಹುದು, ಬಡ್ಡಿಯ ಸಾಲಕ್ಕೆ ಹೋಗದೆಯೂ ಇರಬಹುದು.